ಹೊಟ್ಟೆಯ ಮೇಲೆ ಗೆರೆಗಳು

ಐವತ್ತೊಂದನೆಯ ವಯಸ್ಸಿನಲ್ಲಿ ನಾನೊಂದು ತೀರ್ಮಾನ ಮಾಡಿದೆ. ನನ್ನ ಹೊಟ್ಟೆಯ ಮೇಲೆ ಸ್ನಾಯುಗಳು ಎದ್ದು ಕಾಣಬೇಕು. ಜಿಮ್ಮಿನ ಬೋರ್ಡುಗಳ ಮೇಲೆ ಹುಡುಗರ ಚಿತ್ರ ಹಾಕಿರುತ್ತಾರಲ್ಲ, ಹೊಟ್ಟೆಯಲ್ಲಿ ಇಟ್ಟಿಗೆ ಜೋಡಿಸಿಟ್ಟ ಹಾಗೆ, ಅಂಥವು. ಬರೀ ಆಸೆಯಾಗಿದ್ದರೆ ಯಾರಿಗೂ ಹೇಳದೆ ನುಂಗಿಕೊಂಡು ಸುಮ್ಮನಾಗುತ್ತಿದ್ದೆ, ಆಸೆಗಳನ್ನು ಬೇಕಾದಷ್ಟು ನುಂಗಿದ್ದೇನೆ. ಇದು ತೀರ್ಮಾನವಾದ್ದರಿಂದ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಂಗಡಿಯಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ.

ಎಲ್ಲರೂ ಎಂದರೆ ಇಬ್ಬರು. ನಮ್ಮದು ದರ್ಜಿ ಅಂಗಡಿ. ಮುಂದೆ ಗಾಜಿನ ಬಾಗಿಲು, ನಡುವೆ ಕಟಿಂಗ್ ಮೇಜು, ಗೋಡೆಗೆ ತಾಗಿ ಹೊಲಿಗೆ ಮಿಷನ್ನುಗಳು, ಮೂಲೆಯಲ್ಲಿ ಪರದೆ ಕಟ್ಟಿದ ಟ್ರಯಲ್ ರೂಮು. ನನ್ನ ಗಂಡ ಬಟ್ಟೆ ಕತ್ತರಿಸುತ್ತಾರೆ. ಬೀದಿಯವರೆಲ್ಲ ಅವರನ್ನು ಮಾಸ್ಟರು ಎನ್ನುತ್ತಾರೆ, ಸಿಟ್ಟು ಬಂದಾಗ ನಾನೂ ಹಾಗೇ ಕರೆಯುತ್ತೇನೆ. ಹೊಲಿಯುವುದು ನಾನು. ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ಕಾಜಾ, ಗುಂಡಿ, ಕೈಹೊಲಿಗೆ ನೋಡಿಕೊಳ್ಳುತ್ತಾರೆ. ಜೊತೆಗೆ ಇಡೀ ಬೀದಿಯ ಸಮಾಚಾರವನ್ನೂ ನೋಡಿಕೊಳ್ಳುತ್ತಾರೆ.

"ಈ ವಯಸ್ಸಲ್ಲಿ ಹೊಟ್ಟೆ ಯಾರಿಗೆ ತೋರಿಸ್ಬೇಕು ಕಣೇ ನೀನು?" ಎಂದರು ಅತ್ತಿಗೆ.

"ಯಾರಿಗೂ ಇಲ್ಲ. ನಾನೇ ನೋಡ್ಕೋಬೇಕು."

"ನೋಡ್ಕೊಳ್ಳೋಕೆ ಮುಖ ಇದೆಯಲ್ಲ?"

"ಅದನ್ನ ನೋಡಿ ನೋಡಿ ಸಾಕಾಗಿದೆ ಅತ್ತಿಗೆ."

ಅತ್ತಿಗೆ ನಕ್ಕು ನಕ್ಕು, ತುತ್ತು ಗಂಟಲಿಗೆ ಸಿಕ್ಕಿ, ನೀರು ಕುಡಿದು, ಮತ್ತೆ ನಕ್ಕರು. ನನ್ನ ಗಂಡ ನಗಲಿಲ್ಲ. ಊಟದ ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋಗಿ, ಕತ್ತರಿಸಲು ಏನೂ ಇಲ್ಲದ ಮೇಜನ್ನು ಒರೆಸತೊಡಗಿದರು. ಆ ಡಬ್ಬಿಯಲ್ಲಿ ಅರ್ಧ ಊಟ ಹಾಗೇ ಉಳಿದಿತ್ತು.

ಅವರೇಕೆ ನಗಲಿಲ್ಲ ಎಂದು ಹೇಳಬೇಕಾದರೆ ಮೂರು ವರ್ಷದ ಹಿಂದಿನದನ್ನು ಹೇಳಬೇಕು. ಅದರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. "ಆಗ" ಎನ್ನುತ್ತಾರೆ. ಆಗ ಹಾಗಾಯಿತಲ್ಲ, ಆಗ ಇವಳು ಮಲಗಿದ್ದಾಗ, ಹೀಗೆ. ನಾನು ಹೇಳುತ್ತೇನೆ. ಕ್ಯಾನ್ಸರ್. ನೋಡಿ, ಹೇಳಿದರೆ ಆಕಾಶವೇನೂ ಕಳಚಿ ಬೀಳಲಿಲ್ಲ.

ಅದು ಕಳ್ಳನ ಹಾಗೆ ಬಂತು, ಮೊದಲು ನನ್ನನ್ನು ತೆಳ್ಳಗೆ ಮಾಡಿತು. ಯಾರಿಗೂ ಅನುಮಾನ ಬರಲಿಲ್ಲ. ಗಿರಾಕಿಗಳು "ಏನ್ರೀ ಸಣ್ಣಗಾಗಿಬಿಟ್ರಿ, ಗುಟ್ಟು ನಮಗೂ ಹೇಳಿ" ಎಂದರು. ನಾನೂ ಬೀಗಿದೆ. ನನ್ನ ಗಂಡನ ಸಂಭ್ರಮವಂತೂ ಕೇಳಬೇಡಿ. ನನ್ನ ಪ್ಯಾಂಟು ಸಡಿಲವಾದಾಗಲೆಲ್ಲ ತಾವೇ ಮಿಷನ್ನಿಗೆ ಕೂತು, ಸಿಳ್ಳೆ ಹಾಕುತ್ತಾ ಸೊಂಟ ಹಿಡಿಸಿಕೊಡುತ್ತಿದ್ದರು. ಆಮೇಲೆ ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಉಬ್ಬಿತು. ಆಸ್ಪತ್ರೆಯಲ್ಲಿ ನರ್ಸುಗಳು ದಿನಾ ಬೆಳಿಗ್ಗೆ ನನ್ನ ಹೊಟ್ಟೆಗೆ ಟೇಪು ಸುತ್ತಿ, ಒಳಗೆ ನೀರು ಎಷ್ಟು ತುಂಬಿದೆ ಎಂದು ಅಳೆದರು. ನಾನು ಟೇಪು ಹಿಡಿದೇ ಬದುಕಿದವಳು. ಎಷ್ಟು ಜನರ ಸೊಂಟ ಅಳೆದಿದ್ದೇನೋ ಲೆಕ್ಕವಿಲ್ಲ. ಬೇರೆಯವರ ಕೈಯಲ್ಲಿ ಆ ಟೇಪು ನನ್ನ ಹೊಟ್ಟೆಯ ಸುತ್ತ ಬಂದಾಗ ಮಾತ್ರ ಅದು ಹಾವಿನಷ್ಟು ತಣ್ಣಗಿರುತ್ತದೆಂದು ಗೊತ್ತಾಯಿತು. ಇಲ್ಲಿಂದ ಎದ್ದು ಹೋದರೆ ಮತ್ತೆಂದೂ ನನ್ನ ಹೊಟ್ಟೆಗೆ ಟೇಪು ತಾಗಿಸುವುದಿಲ್ಲ ಎಂದು ಅಲ್ಲೇ ಆಣೆ ಹಾಕಿಕೊಂಡೆ.

ಕೊಯ್ದರು, ತೆಗೆದರು, ಹೊಲಿದರು. ಪಕ್ಕೆಲುಬಿನ ಕೆಳಗಿನಿಂದ ಶುರುವಾಗಿ ಹೊಕ್ಕಳನ್ನು ಬಳಸಿಕೊಂಡು ಕೆಳಗಿನವರೆಗೆ ಒಂದು ಉದ್ದನೆಯ ಗಾಯದ ಗುರುತು ಉಳಿಯಿತು. ಕೂದಲು ಹೋಯಿತು, ಬಂತು. ಮನೆಗೆ ಬಂದ ಮೇಲೆ ಅಕ್ಕ ತಮ್ಮ ಇಬ್ಬರೂ ಸೇರಿ ನನ್ನನ್ನು ತಿನ್ನಿಸಿ ತಿನ್ನಿಸಿ ಗುಂಡಗೆ ಮಾಡಿದರು. ನನ್ನ ಪ್ಯಾಂಟಿನ ಸೊಂಟ ಬಿಡಿಸಬೇಕಾದಾಗಲೆಲ್ಲ ಗಂಡನ ಮುಖ ಅರಳುತ್ತಿತ್ತು. ಇವಳು ದಪ್ಪಗಿದ್ದಾಳೆ, ಅಂದಮೇಲೆ ಇವಳು ಇರುತ್ತಾಳೆ. ಅವರ ಲೆಕ್ಕಾಚಾರ ಅಷ್ಟೇ.

ಈ ಸಲದ ತಪಾಸಣೆಯಲ್ಲಿ ಡಾಕ್ಟರಮ್ಮ ನನ್ನ ಹೊಟ್ಟೆಯನ್ನು ಎಲ್ಲ ಕಡೆ ಒತ್ತಿ ನೋಡಿ, "ಮೆತ್ತಗಿದೆ. ತುಂಬಾ ಒಳ್ಳೇದು" ಎಂದರು. ಪರದೆಯ ಆಚೆ ನಿಂತಿದ್ದ ನನ್ನ ಗಂಡ ಕೈಮುಗಿಯುವುದೊಂದು ಬಾಕಿ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಯಾಕೆಂದು ಆಗ ನನಗೂ ಹೊಳೆಯಲಿಲ್ಲ, ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಈ ಹೊಟ್ಟೆಯನ್ನು ಕೊಯ್ದವರು ಯಾರೋ, ಹೊಲಿದವರು ಯಾರೋ, ಉಬ್ಬಿಸಿದವರು ಇನ್ಯಾರೋ. ಒತ್ತಿ ನೋಡಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳುವವರು ಮತ್ಯಾರೋ. ಹಿಟ್ಟು ಕಲಸಿಟ್ಟ ಹಾಗೆ ನಾನು ಸುಮ್ಮನೆ ಬಿದ್ದುಕೊಂಡಿದ್ದೇನೆ. ನನ್ನ ಮೈಯಲ್ಲಿ ನನ್ನ ಕೈಯಾರೆ ಮಾಡಿದ್ದು ಒಂದಾದರೂ ಇರಬೇಡವೇ? ಮುಂದಿನ ಸಲ ಅಲ್ಲಿ ಕೈಯಿಟ್ಟವರಿಗೆ ಗೋಡೆ ಸಿಗಬೇಕು. ಬಸ್ಸು ಇಳಿಯುವಷ್ಟರಲ್ಲಿ ತೀರ್ಮಾನವಾಗಿತ್ತು. ಡಾಕ್ಟರಮ್ಮನಿಗೆ ಫೋನು ಮಾಡಿ ವ್ಯಾಯಾಮ ಮಾಡಬಹುದೇ ಎಂದು ಕೇಳಿದೆ. "ಧಾರಾಳವಾಗಿ ಮಾಡಿ. ಗಾಯದ ಜಾಗ ಜೋಪಾನ, ಭಾರ ನಿಧಾನಕ್ಕೆ ಹೆಚ್ಚಿಸಿ" ಎಂದರು. ಅಷ್ಟು ಸಾಕಾಯಿತು.

ಜಿಮ್ಮು ಇದ್ದದ್ದು ಟೈರು ಅಂಗಡಿಯ ಮೇಲೆ. ಕೆಳಗಿನ ರಬ್ಬರಿನ ವಾಸನೆಗೂ ಮೇಲಿನ ಬೆವರಿನ ವಾಸನೆಗೂ ಅಲ್ಲಿ ದಿನಾ ಜಗಳ. ನಡೆಸುವವಳು ಹಿಂದೆ ಕುಸ್ತಿ ಆಡುತ್ತಿದ್ದ ಗಟ್ಟಿಗಿತ್ತಿ, ಕಿವಿ ಜಜ್ಜಿ ದಪ್ಪವಾಗಿತ್ತು. ಕೋಚಮ್ಮ ಎಂದು ನಾನು ಹೆಸರಿಟ್ಟೆ, ಅವಳು ನನಗೆ ಟೈಲರಮ್ಮ ಎಂದು ಇಟ್ಟಳು. ಮೊದಲ ದಿನ ಮೊಣಕೈ ಊರಿ, ಮೈಯನ್ನು ಹಲಗೆಯ ಹಾಗೆ ನೆಟ್ಟಗೆ ಹಿಡಿ ಎಂದಳು. ಹಿಡಿದೆ. ಮರುಗಳಿಗೆಯಲ್ಲಿ ಹಲಗೆ ನಡುಗಿ, ಮೂಗು ಮುಂದಾಗಿ ನೆಲಕ್ಕೆ ಬಿತ್ತು. ಕನ್ನಡಿಯ ಮುಂದೆ ತೋಳು ಉಬ್ಬಿಸುತ್ತಿದ್ದವನೊಬ್ಬ ಕಿಸಕ್ಕೆಂದ.

"ನಗಪ್ಪಾ, ನಗು," ಎಂದೆ ನೆಲದಿಂದಲೇ. "ನೀನು ಹಾಕ್ಕೊಂಡಿರೋ ಪ್ಯಾಂಟು ಹೊಲಿದಿದ್ದು ನಾನೇ. ಇನ್ನೊಂದ್ಸಲ ಬಗ್ಗಿದ್ರೆ ಎಲ್ಲಿ ಹರಿಯುತ್ತೆ ಅಂತ ನನಗೆ ಗೊತ್ತು."

ಅವನು ಆಮೇಲೆ ಬಗ್ಗಲೇ ಇಲ್ಲ.

"ಹೊಟ್ಟೆ ಸ್ನಾಯು ಎಲ್ಲರಿಗೂ ಇರುತ್ತೆ ಟೈಲರಮ್ಮ," ಎಂದಳು ಕೋಚಮ್ಮ. "ನಿಮಗೂ ಇದೆ. ಅದನ್ನ ಗಟ್ಟಿ ಮಾಡ್ಬೇಕು, ಮೇಲಿನ ಕೊಬ್ಬು ಕರಗಿಸ್ಬೇಕು. ಅರ್ಧ ಕೆಲಸ ಇಲ್ಲಿ, ಇನ್ನರ್ಧ ನಿಮ್ಮ ತಟ್ಟೇಲಿ. ಆದ್ರೆ ನಿಮ್ಮ ವಯಸ್ಸಿಗೆ ಟೈಮ್ ಹಿಡಿಯುತ್ತೆ."

"ವಯಸ್ಸಿನ ಮಾತು ಬೇಡ. ಟೈಮ್ ಎಷ್ಟು ಬೇಕಾದ್ರೂ ಹಿಡೀಲಿ."

ಹಿಡಿಯಿತು. ಸಕ್ಕರೆ ಬಿಟ್ಟೆ, ಕರಿದದ್ದು ಬಿಟ್ಟೆ. ಬೇಯಿಸಿದ ಮೊಟ್ಟೆ, ಬೇಳೆ, ಸೊಪ್ಪು ತಿಂದೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಭಾರ ಎತ್ತಿದೆ, ನೇತಾಡಿದೆ, ಮಲಗಿ ಕಾಲು ಮೇಲೆತ್ತಿದೆ. ಮೈಕೈ ನೋವಿಗೆ ಮೆಟ್ಟಿಲು ಇಳಿಯುವಾಗ ಅಯ್ಯೋ ಎಂದೆ, ಹತ್ತುವಾಗ ಅಪ್ಪಾ ಎಂದೆ. ಅತ್ತಿಗೆ ನನ್ನ ಸೊಪ್ಪಿನೊಳಗೆ ಬೆಣ್ಣೆ ಬಚ್ಚಿಟ್ಟರು, ನಾನು ಹುಡುಕಿ ತೆಗೆದು ಪಕ್ಕಕ್ಕಿಟ್ಟೆ. ಬೀದಿಯ ಹೆಂಗಸರು ಮೂಗು ಮುರಿದರು, ನಾನು ಸೊಪ್ಪು ಹಾಕಲಿಲ್ಲ.

ನಾನು ಎಷ್ಟು ಇಳಿದಿದ್ದೇನೆ ಎಂದು ತಿಳಿಯುವುದು ಹೇಗೆ? ಟೇಪಿಗೆ ಆಣೆಯಿತ್ತು. ತೂಕದ ಯಂತ್ರವನ್ನು ಕೋಚಮ್ಮ ಜಿಮ್ಮಿನಲ್ಲಿ ಇಟ್ಟಿರಲಿಲ್ಲ. ಇಟ್ಟರೆ ಬಂದವರೆಲ್ಲ ಅದರ ಮೇಲೆ ನಿಂತು ಅಳುತ್ತಾರೆ, ಕೆಲಸ ಮಾಡುವುದಿಲ್ಲ ಎಂಬುದು ಅವಳ ಅನುಭವ. ಜಿಮ್ಮಿಗೆ ಹಾಕಿಕೊಂಡು ಹೋಗುವುದು ಲಾಡಿ ಪೈಜಾಮ, ಅದನ್ನು ಎಷ್ಟು ಎಳೆದರೆ ಅಷ್ಟಕ್ಕೆ ನಿಲ್ಲುತ್ತದೆ, ಏನನ್ನೂ ಹೇಳುವುದಿಲ್ಲ. ಸ್ನಾನ ಮಾಡುವಾಗ ಬಗ್ಗಿ ನೋಡಿದರೆ ಜೋಲು ಚರ್ಮವೂ ಗಾಯದ ಗುರುತೂ ಕಾಣುತ್ತಿತ್ತು. ಮೇಲಿನಿಂದ ಬಗ್ಗಿ ನೋಡಿದರೆ ಯಾರ ಹೊಟ್ಟೆಯೂ ಚೆಂದ ಕಾಣುವುದಿಲ್ಲ. ಟ್ರಯಲ್ ರೂಮಿನ ಕನ್ನಡಿಯನ್ನಂತೂ ನಂಬುವ ಹಾಗಿರಲಿಲ್ಲ. ಅದರ ಮುಂದೆ ನಿಂತವರು ಸ್ವಲ್ಪ ಸಪೂರ ಕಾಣಲಿ ಎಂದು ಅದನ್ನು ಓರೆಯಾಗಿ ನಿಲ್ಲಿಸಿದವಳು ನಾನೇ. ಗಿರಾಕಿಗೆ ಹೇಳುವ ಸುಳ್ಳನ್ನು ನಾನೇ ನಂಬಿಕೊಂಡು ಕೂತರೆ ನನ್ನಂಥ ಬೆಪ್ಪು ಇನ್ನೊಬ್ಬಳಿಲ್ಲ.

ಹಾಗಾಗಿ ನನಗೆ ಉಳಿದ ಅಳತೆ ನನ್ನ ಪ್ಯಾಂಟುಗಳು. ಅಂಗಡಿಗೆ ಹಾಕಿಕೊಳ್ಳುವ ಎರಡು ಬೂದು ಪ್ಯಾಂಟುಗಳಿದ್ದವು. ಒಂದೇ ಥಾನಿನ ದಪ್ಪ ಬಟ್ಟೆ, ಗಂಡ ಕತ್ತರಿಸಿದ್ದು, ನಾನು ಹೊಲಿದಿದ್ದು. ಸೊಂಟ ಪಟ್ಟಿಯೊಳಗೆ ನನ್ನ ಮುಷ್ಟಿ ಸಲೀಸಾಗಿ ಇಳಿದ ದಿನ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ ನೋಡಿಕೊಳ್ಳುತ್ತೇನೆ ಎಂದುಕೊಂಡೆ. ಶುರುವಿನಲ್ಲಿ ಒಮ್ಮೆ ಎರಡು ಬೆರಳು ಹೋಯಿತು. ಕುಣಿಯುವಷ್ಟು ಖುಷಿಯಾಯಿತು. ಮುಂದಿನ ವಾರ ನೋಡಿದರೆ ಒಂದು ಬೆರಳೂ ಹೋಗದು.

ತಿಂಗಳುಗಳು ಕಳೆದವು. ಪ್ಯಾಂಟು ಜಪ್ಪಯ್ಯ ಎಂದರೂ ಸಡಿಲವಾಗಲಿಲ್ಲ.

"ಟೈಲರಮ್ಮ, ನಿಮ್ಮ ಕೆನ್ನೆ ಇಳಿದುಹೋಗಿದೆ, ಕುತ್ತಿಗೆ ಮೂಳೆ ಕಾಣ್ತಿದೆ," ಎಂದಳು ಕೋಚಮ್ಮ. "ಸೊಂಟ ಇಳಿದಿಲ್ಲ ಅಂದ್ರೆ ಹೇಗೆ ನಂಬಲಿ? ಒಂದ್ಸಲ ಟೇಪು ಹಾಕೋಣ."

"ಟೇಪು ಬೇಡ. ಬಟ್ಟೆ ಸುಳ್ಳು ಹೇಳಲ್ಲ. ನನ್ನ ಇಡೀ ಜೀವನ ಬಟ್ಟೆ ಜೊತೆಗೇ ಕಳೆದಿದೆ."

ಹಠ ಹೆಚ್ಚಿತು. ಸಂಜೆಯ ಊಟ ಬಿಟ್ಟೆ. ಬೆಳಗಿನ ಮೊಟ್ಟೆಯಲ್ಲಿ ಹಳದಿ ಬಿಟ್ಟೆ. ಕೋಚಮ್ಮ ಸಾಕೆಂದ ಮೇಲೂ ಇನ್ನೊಂದು ಸುತ್ತು ಎತ್ತಿದೆ. ಮನೆಯಲ್ಲಿ ಗಂಡ ಮಾತು ಕಡಿಮೆ ಮಾಡಿದರು. ನನ್ನ ತಟ್ಟೆಯನ್ನೇ ನೋಡುತ್ತಾ ತಮ್ಮದನ್ನು ಮರೆಯುತ್ತಿದ್ದರು. ಇದ್ದಕ್ಕಿದ್ದಂತೆ ನನ್ನ ಬಟ್ಟೆಗಳ ಇಸ್ತ್ರಿಯನ್ನು ತಾವೇ ವಹಿಸಿಕೊಂಡರು. "ನಿನಗೆ ಸುಸ್ತಾಗಿರುತ್ತೆ, ಬಿಡು" ಎನ್ನುತ್ತಿದ್ದರು. ಇಷ್ಟು ವರ್ಷ ಇಲ್ಲದ ಸೇವೆ ಈಗೆಲ್ಲಿಂದ ಬಂತೋ ಎಂದುಕೊಂಡೆ, ಆದರೆ ಮನಸ್ಸಿನಲ್ಲಿ ಖುಷಿಯೇ ಆಯಿತು. ನನ್ನ ಹಠಕ್ಕೆ ಗಂಡನೂ ಒಪ್ಪಿಕೊಂಡರು ಎಂದು ತಿಳಿದೆ.

ಒಂದು ಮಧ್ಯಾಹ್ನ ದಪ್ಪ ಕೋಟೊಂದರ ಕಾಲರು ಹೊಲಿಯುತ್ತಿದ್ದೆ. ಕಣ್ಣಿಗೆ ಕತ್ತಲು ಕವಿಯಿತು. ಕಾಲು ಮಾತ್ರ ಪೆಡಲಿನ ಮೇಲೇ ಇತ್ತು. ಸೂಜಿ ನನ್ನ ತೋರುಬೆರಳಿನ ಉಗುರಿನ ಮೂಲಕ ಇಳಿದು ಆಚೆ ಬಂತು. ನನ್ನ ಕೂಗಿಗೆ ಗಂಡ ಓಡಿ ಬಂದು, ಮಿಷನ್ನಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ಸೂಜಿ ಮೇಲೆತ್ತಿದರು. ರಕ್ತ ನನ್ನ ತೊಡೆಯ ಮೇಲೆಲ್ಲ ಹರಿಯಿತು. ಅತ್ತಿಗೆ ಬೆರಳಿಗೆ ಬಟ್ಟೆ ಸುತ್ತಿದರು.

"ಸಾಕು," ಎಂದರು ಗಂಡ. "ಇವತ್ತಿಗೆ ನಿಲ್ಲಿಸು ಇದನ್ನ."

"ಎಲ್ಲಿ ನಿಲ್ಲಿಸ್ಲಿ? ಪ್ಯಾಂಟು ಇನ್ನೂ ಬಿಗಿಯಾಗೇ ಇದೆ. ಒಂದು ಕೂದಲೆಳೆಯಷ್ಟೂ ಇಳಿದಿಲ್ಲ ನಾನು."

ಅವರು ಅಕ್ಕನ ಕಡೆ ನೋಡಿದರು. ಅತ್ತಿಗೆ ದಾರದ ಡಬ್ಬಿಯೊಳಗೆ ಏನನ್ನೋ ಹುಡುಕತೊಡಗಿದರು. ಬೆರಳಿನ ನೋವಿನಲ್ಲಿ ನನಗೆ ಇದರ ಅರ್ಥವಾಗಲಿಲ್ಲ.

ಮನೆಗೆ ಹೋಗಿ, ರಕ್ತದ ಕಲೆ ಒಣಗುವ ಮೊದಲು ತೊಳೆಯೋಣವೆಂದು ಪ್ಯಾಂಟು ಬಿಚ್ಚಿ ಒಳಮಗ್ಗುಲು ತಿರುಗಿಸಿ ತಣ್ಣೀರಿನ ಬಕೆಟ್ಟಿಗೆ ಹಾಕಹೊರಟೆ. ಹೆಬ್ಬೆರಳಿಗೆ ಸೊಂಟದ ಹಿಂಭಾಗದಲ್ಲಿ ಏನೋ ದಪ್ಪಗೆ ತಾಗಿತು.

ಪ್ಯಾಂಟು ಹೊಲಿಯುವಾಗ ಹಿಂದಿನ ನಡುಹೊಲಿಗೆಯ ಒಳಗೆ ಸ್ವಲ್ಪ ಬಟ್ಟೆ ಹೆಚ್ಚಿಗೆ ಬಿಡುತ್ತೇವೆ, ಮುಂದೆ ದಪ್ಪಗಾದರೆ ಬಿಡಿಸಲಿ ಎಂದು. ನಮ್ಮ ಅಂಗಡಿಯ ಪದ್ಧತಿಯಲ್ಲಿ ಅದು ಒಂದು ಬೆರಳಗಲ. ಇಲ್ಲಿ ಅಂಗೈಯಗಲ ಬಟ್ಟೆ ಒಳಗೆ ಮಡಿಸಿಕೊಂಡು ಕೂತಿತ್ತು. ಗೊತ್ತಾಗದಂತೆ ಚಪ್ಪಟೆಯಾಗಿ ಇಸ್ತ್ರಿ ಒತ್ತಿ, ಸಣ್ಣ ಸಣ್ಣ ಟಾಕಾ ಹಾಕಿ ಕೂರಿಸಿದ್ದರು. ಪಕ್ಕದಲ್ಲಿ ಬಿಚ್ಚಿದ ಹಳೆಯ ಹೊಲಿಗೆಗಳ ಸೂಜಿ ತೂತುಗಳು ಸಾಲುಸಾಲಾಗಿ ಕಾಣುತ್ತಿದ್ದವು, ಒಂದು ಸಾಲು ಹಿಡಿಸಿದ್ದು, ಅದನ್ನು ಬಿಚ್ಚಿ ಇನ್ನೂ ಒಳಗೆ ಹಿಡಿಸಿದ್ದು, ಮತ್ತೆ ಬಿಚ್ಚಿ ಇನ್ನೂ ಒಳಗೆ. ಓಡಿಹೋಗಿ ಬೀರುವಿನಲ್ಲಿದ್ದ ಇನ್ನೊಂದು ಪ್ಯಾಂಟು ನೋಡಿದೆ. ಅದರಲ್ಲೂ ಹಾಗೇ. ಮಿಷನ್ನು ಹೊಲಿಗೆ ಗಂಡನದು, ಟಾಕಾ ಅತ್ತಿಗೆಯದು. ಬೇರೆಯವರ ಕೈಬರಹ ಗುರುತಿಸುವುದಕ್ಕಿಂತ ಸುಲಭವಾಗಿ ಇವರ ಹೊಲಿಗೆ ಗುರುತಿಸುತ್ತೇನೆ.

ಮೊದಲು ನಗು ಬಂತು. ಅಂಗೈಯಗಲ! ಅಷ್ಟು ಇಳಿದಿದ್ದೇನೆ ನಾನು! ಆಮೇಲೆ ಕೋಪ ಬಂತು, ಊಟ ಬಿಟ್ಟು ಒದ್ದಾಡಿದ ಸಂಜೆಗಳೆಲ್ಲ ಕಣ್ಣ ಮುಂದೆ ಬಂದವು. ಅದರ ಹಿಂದೆಯೇ ಒಂದು ಪ್ರಶ್ನೆ ಬಂತು. ಇವರು ಯಾಕೆ ಮುಚ್ಚಿಟ್ಟರು? ನಾನು ತೆಳ್ಳಗಾಗುತ್ತಿರುವುದು ಭಾರ ಎತ್ತಿದ್ದರಿಂದ ಎಂದು ಇವರಿಗೆ ಅನ್ನಿಸಿಲ್ಲ. ಇವರು ಬೇರೆಯದನ್ನೇ ಅಂದುಕೊಂಡಿದ್ದಾರೆ. ಹಾಗಲ್ಲ ಎಂದು ಹೇಳಲು ನನ್ನ ಹತ್ತಿರ ಏನಿದೆ? ಹಿಂದಿನ ಸಲವೂ ಹೀಗೇ ಕೆನ್ನೆ ಇಳಿದಿತ್ತು, ಹೀಗೇ ಕಣ್ಣು ಕತ್ತಲಾಗಿತ್ತು. ಬಚ್ಚಲಿನ ಸ್ಟೂಲಿನ ಮೇಲೆ ಕುಸಿದು ಕೂತೆ. ನನಗೆ ಭಯವಾಯಿತು, ತುಂಬಾ ಭಯವಾಯಿತು.

ಮರುದಿನ ಅಂಗಡಿ ತೆರೆದ ಕೂಡಲೇ ಎರಡೂ ಪ್ಯಾಂಟುಗಳನ್ನು ತಿರುಗಿಸಿ ಕಟಿಂಗ್ ಮೇಜಿನ ಮೇಲೆ ಹರಡಿದೆ. ಮೈಮೇಲೆ ಲಾಡಿ ಪೈಜಾಮವಿತ್ತು.

"ಏನಿದು ಮಾಸ್ಟರೇ?"

ಗಂಡ ತಲೆ ತಗ್ಗಿಸಿದರು. ಅತ್ತಿಗೆ ಮುಂದೆ ಬಂದರು. "ನಾನು ಬೇಡ ಅಂತ ಬಡ್ಕೊಂಡೆ ಕಣೇ ಇವನಿಗೆ."

"ಬೇಡ ಅಂದವರು ಟಾಕಾ ಯಾಕೆ ಹಾಕಿದ್ರಿ ಅತ್ತಿಗೆ?"

"ಹಾಕದಿದ್ರೆ ಆ ದಪ್ಪ ಬಟ್ಟೆ ನಿನ್ನ ಬೆನ್ನಿಗೆ ಚುಚ್ತಿತ್ತು."

ನಾನು ಗಂಡನ ಕಡೆಗೆ ತಿರುಗಿದೆ. ಅವರು ಮೇಜಿನ ಅಂಚು ಹಿಡಿದುಕೊಂಡು, ನಡುನಡುವೆ ನಿಲ್ಲಿಸುತ್ತಾ ಮಾತಾಡಿದರು.

"ಆಗ ನಾನೇ ಹಿಡಿಸಿದ್ದು. ಅದು ನಿನ್ನ ಒಳಗೆ ಕೂತು ತಿಂತಾ ಇತ್ತು, ನಾನು ಹೊರಗೆ ಕೂತು ಸಿಳ್ಳೆ ಹಾಕ್ತಾ ಇದ್ದೆ. ಈ ಸಲ ನಿನ್ನ ಪ್ಯಾಂಟು ಮತ್ತೆ ಸಡಿಲ ಆಗಿದ್ದು ಕಂಡ ತಕ್ಷಣ ಕೈಕಾಲು ತಣ್ಣಗಾಯ್ತು. ವ್ಯಾಯಾಮದಿಂದಲೋ, ಅದರಿಂದಲೋ, ನನಗೆ ಹೇಗೆ ಗೊತ್ತಾಗ್ಬೇಕು? ನಿನಗೆ ಸಡಿಲ ಅನ್ನಿಸ್ಬಾರದು ಅಂತ ಹಿಡಿಸ್ದೆ."

"ಅನ್ನಿಸ್ದಿದ್ರೆ ಏನಾಗುತ್ತೆ?"

"ಸಣ್ಣ ಆಗ್ತಿಲ್ಲ ಅಂತ ಬೇಜಾರಾಗಿ ನೀನೇ ಬಿಟ್ಬಿಡ್ತೀಯ ಅಂದ್ಕೊಂಡೆ."

ಇಷ್ಟು ವರ್ಷ ಜೊತೆಯಲ್ಲಿ ಬಾಳಿದ ಮೇಲೂ ನಾನು ಬೇಜಾರಾಗಿ ಬಿಟ್ಟುಬಿಡುವವಳು ಎಂದುಕೊಂಡಿದ್ದರಲ್ಲ ಈ ಮನುಷ್ಯ! ಇವರು ಹೆದರಿ ಹಿಡಿಸುವುದು, ನಾನು ಬಿಗಿಯಾಯಿತೆಂದು ಊಟ ಬಿಡುವುದು, ನಾನು ಇನ್ನಷ್ಟು ಇಳಿದೆನೆಂದು ಇವರು ಇನ್ನಷ್ಟು ಹೆದರಿ ಮತ್ತೆ ಹಿಡಿಸುವುದು. ದರ್ಜಿಯ ಮನೆಯಲ್ಲಲ್ಲದೆ ಇನ್ನೆಲ್ಲಿ ನಡೆಯುತ್ತದೆ ಇಂಥ ಹುಚ್ಚಾಟ?

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ರೀ."

"ಹೇಳಿದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು," ಎಂದರು.

ನಾನು ಎರಡೂ ಪ್ಯಾಂಟುಗಳನ್ನು ಮಡಚಿ ಪಕ್ಕಕ್ಕಿಟ್ಟೆ. "ಅತ್ತಿಗೆ, ಅಂಗಡಿ ನೋಡ್ಕೊಳ್ಳಿ. ನೀವು ನಡೀರಿ ಆಸ್ಪತ್ರೆಗೆ. ನಿಜವಾದ್ರೆ ನಿಜ. ಕತ್ತಲೆಯಲ್ಲಿ ಕೂತು ಹೊಲಿಗೆ ಹಾಕೋದು ಬೇಡ."

ಡಾಕ್ಟರಮ್ಮ ನನ್ನನ್ನು ಮಲಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟರು. ಒತ್ತಿದರು. ಹುಬ್ಬು ಗಂಟಿಕ್ಕಿದರು.

"ಸಡಿಲ ಬಿಡಿ. ಇಷ್ಟು ಬಿಗಿ ಹಿಡಿದ್ರೆ ಒಳಗೆ ಏನಿದೆ ಅಂತ ನನಗೆ ಗೊತ್ತಾಗಲ್ಲ."

"ನಾನೇನೂ ಹಿಡಿದಿಲ್ಲ ಡಾಕ್ಟ್ರೇ. ಅದು ಇರೋದೇ ಹಾಗೆ."

ನನ್ನ ಗೋಡೆ ಎದ್ದಿತ್ತು, ಅದೂ ನನಗೇ ತಿಳಿಯದೆ. ಭಯದ ನಡುವೆಯೂ ಹೆಮ್ಮೆಯಿಂದ ಕಿವಿ ಬಿಸಿಯಾಯಿತು. ಮಂಡಿ ಮಡಚಿ, ಉದ್ದಕ್ಕೆ ಉಸಿರು ಬಿಟ್ಟು, ಕಷ್ಟಪಟ್ಟು ಅವರಿಗೆ ದಾರಿ ಬಿಟ್ಟುಕೊಟ್ಟೆ. ರಕ್ತ ಕೊಟ್ಟೆ, ಸ್ಕ್ಯಾನಿಂಗ್ ಯಂತ್ರದೊಳಗೆ ಹೋಗಿ ಬಂದೆ. ಫಲಿತಾಂಶ ಬರುವ ತನಕ ನಮ್ಮ ಅಂಗಡಿಯಲ್ಲಿ ಮಿಷನ್ನುಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅತ್ತಿಗೆ ಬೀದಿಯ ಸಮಾಚಾರವನ್ನೂ ನಿಲ್ಲಿಸಿದ್ದರು. ನಾನು ಜಿಮ್ಮಿಗೆ ಹೋಗಲಿಲ್ಲ, ಆದರೆ ಸರಿಯಾಗಿ ಊಟ ಮಾಡಿದೆ.

ಏನೂ ಇರಲಿಲ್ಲ. ಹುಡುಕಿದ ಜಾಗದಲ್ಲೆಲ್ಲ ಏನೂ ಇರಲಿಲ್ಲ. "ತಲೆ ಸುತ್ತಿದ್ದು ಉಪವಾಸದಿಂದ," ಎಂದು ಡಾಕ್ಟರಮ್ಮ ಬೈದರು. "ಊಟ ಬಿಟ್ಟು ಭಾರ ಎತ್ತೋರು ಯಾರಾದ್ರೂ ಇದ್ದಾರಾ? ತಿನ್ನಿ, ಎತ್ತಿ. ಎರಡೂ ಮಾಡಿ." ಹೊರಗಿನ ಬೆಂಚಿನ ಮೇಲೆ ನನ್ನ ಗಂಡ ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ಓಡಾಡುವವರು ನಿಂತು ನೋಡಿದರು. ಕೆಟ್ಟ ಸುದ್ದಿಯೆಂದುಕೊಂಡು ಯಾರೋ ಒಬ್ಬರು ನೀರಿನ ಬಾಟಲಿ ತಂದುಕೊಟ್ಟರು.

ಅಂಗಡಿಗೆ ವಾಪಸ್ಸು ಬಂದೆವು. ಊಟದ ಹೊತ್ತು, ಅತ್ತಿಗೆ ಶಟರನ್ನು ಅರ್ಧ ಇಳಿಸಿದ್ದರು. ಸುದ್ದಿ ಕೇಳಿ ಅವರೂ ಅತ್ತು, ಮೂಗು ಒರೆಸಿಕೊಂಡು, ಸಂತೋಷಕ್ಕೆ ನಾಲ್ಕು ಮನೆಗೆ ಫೋನು ಮಾಡಿದರು. ಎಲ್ಲ ಮುಗಿಯಿತು ಎಂದುಕೊಂಡೆ. ಆಗ ನನ್ನ ಗಂಡ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಮಗುವಿಗೆ ಹೇಳುವ ಹಾಗೆ ಹೇಳಿದರು.

"ಇನ್ನು ಸಾಕಲ್ಲ? ನಿನ್ನ ಹಠ ಗೆದ್ದಾಯ್ತು. ಇನ್ನು ಮೊದಲಿನ ಹಾಗೆ ಆಗು. ನೀನು ದಪ್ಪಗಿದ್ರೆ ನನಗೆ ನಿದ್ದೆ ಬರುತ್ತೆ. ನನಗೋಸ್ಕರ."

ನಾನು ಅವರನ್ನೇ ನೋಡಿದೆ. ಈ ಮನುಷ್ಯನ ಮೇಲೆ ನನಗೆ ಪ್ರೀತಿಯಿದೆ. ಆಸ್ಪತ್ರೆಯಲ್ಲಿ ನನ್ನ ವಾಂತಿಯನ್ನು ಬೊಗಸೆಯಲ್ಲಿ ಹಿಡಿದವರು. ಆದರೂ ಸಿಟ್ಟು ನೆತ್ತಿಗೇರಿತು.

"ನನ್ನ ಹೊಟ್ಟೆ ನಿಮ್ಮ ನಿದ್ದೆಗೆ ದಿಂಬಲ್ಲ ರೀ."

"ಹಾಗಲ್ಲ..."

"ಹಾಗೇ. ಆಪರೇಷನ್ ಆದ ಮೇಲೆ ಒಂದ್ಸಲವಾದ್ರೂ ಇದನ್ನ ನೋಡಿದ್ದೀರಾ ನೀವು? ನಾನು ಬಟ್ಟೆ ಬದಲಾಯಿಸುವಾಗ ಕಿಟಕಿ ಕಡೆ ತಿರುಗ್ತೀರಿ. ಪ್ಯಾಂಟು ನೋಡ್ತೀರಿ, ಸೊಂಟ ಪಟ್ಟಿ ನೋಡ್ತೀರಿ, ತಟ್ಟೆ ನೋಡ್ತೀರಿ. ನನ್ನನ್ನ ನೋಡಲ್ಲ."

ನಾನು ಎದ್ದು ನಿಂತೆ. ಅರ್ಧ ಇಳಿದ ಶಟರಿನ ಕೆಳಗಿಂದ ಮಧ್ಯಾಹ್ನದ ಬೆಳಕು ಮೇಜಿನವರೆಗೂ ಬಂದಿತ್ತು. ಅದಕ್ಕೆ ಎದುರಾಗಿ ನಿಂತು ಅಂಗಿಯನ್ನು ಪಕ್ಕೆಲುಬಿನವರೆಗೆ ಎತ್ತಿದೆ.

"ಅಯ್ಯೋ, ಅಂಗಡಿ ಕಣೇ ಇದು!" ಎಂದರು ಅತ್ತಿಗೆ, ಮತ್ತು ಎಲ್ಲರಿಗಿಂತ ಮೊದಲು ತಾವೇ ನೋಡಿದರು.

ನಾನೂ ನೋಡಿಕೊಂಡೆ. ಗಾಯದ ಎರಡೂ ಬದಿಗೆ ಗೆರೆಗಳಿದ್ದವು, ಗೆರೆಗಳ ನಡುವೆ ಗಟ್ಟಿ ದಿಣ್ಣೆಗಳಿದ್ದವು. ಮೇಲೆ ಚೆನ್ನಾಗಿ ಕಾಣುತ್ತಿದ್ದವು, ಕೆಳಗೆ ಜೋಲು ಚರ್ಮ ಸ್ವಲ್ಪ ಮರೆ ಮಾಡಿತ್ತು. ಬೋರ್ಡಿನ ಹುಡುಗನಿಗಿರುವಂಥ ಹೊಟ್ಟೆಯಲ್ಲ. ಕೊಯ್ದು, ಹೊಲಿದು, ಹಸಿದು, ಎತ್ತಿ ಆದ ಹೊಟ್ಟೆ. ಉಸಿರೆಳೆದುಕೊಂಡಾಗ ಇನ್ನೂ ಸ್ಪಷ್ಟವಾಗಿ ಎದ್ದವು. ನನ್ನ ಇಡೀ ಬದುಕಿನಲ್ಲಿ ನನ್ನ ಮೈ ನನಗೆ ಅಷ್ಟು ಇಷ್ಟವಾದದ್ದು ಅದೇ ಮೊದಲು.

"ನೋಡಿ," ಎಂದೆ.

ಗಂಡ ಮೊದಲು ನೆಲ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಅಂಗಿ ಇಳಿಸಲಿಲ್ಲ. ತೋಳು ನೋಯತೊಡಗಿದರೂ ಇಳಿಸಲಿಲ್ಲ. ಕೊನೆಗೆ ಅವರ ಕಣ್ಣು ಅಲ್ಲಿಗೆ ಬಂತು, ಬಂದಮೇಲೆ ಅಲ್ಲೇ ನಿಂತಿತು. ಗಾಯದ ಗುರುತಿನ ಮೇಲಿನಿಂದ ಕೆಳಗಿನವರೆಗೂ ನಿಧಾನವಾಗಿ ಇಳಿಯಿತು.

"ಹೊಲಿಗೇಲಿ ಎಡಗಡೇದು ಬಲಗಡೆಗಿಂತ ಸ್ವಲ್ಪ ಮೇಲೆ ಕೂತಿದೆ," ಎಂದರು. ದನಿ ಒಡೆದಿತ್ತು.

"ಕೂತಿರ್ಲಿ. ಅದನ್ನ ಹೊಲಿದಿದ್ದು ನಾವಲ್ಲವಲ್ಲ."

ಅತ್ತಿಗೆ ಮೊದಲು ನಕ್ಕರು. ಆಮೇಲೆ ನನ್ನ ಗಂಡನೂ, ಅಳುವಿನ ನಡುವೆಯೇ. ಕೈ ಚಾಚಿ, ಬಿಸಿಯಿದೆಯೋ ಎಂದು ಇಸ್ತ್ರಿಪೆಟ್ಟಿಗೆ ಮುಟ್ಟಿ ನೋಡುವ ಹಾಗೆ ಒಂದು ಬೆರಳು ತಾಗಿಸಿ, ತಕ್ಷಣ ಹಿಂದೆಳೆದುಕೊಂಡು, ಮತ್ತೆ ಇಡೀ ಅಂಗೈ ಇಟ್ಟರು. ನಾನು ಬಿಗಿ ಹಿಡಿದೆ. ಗಟ್ಟಿಯಾಗಿತ್ತು.

"ನಾಳೆ ಮತ್ತೆ ಹೋಗ್ತೀಯಾ ಜಿಮ್ಮಿಗೆ?"

"ಹೋಗ್ತೀನಿ."

"ಇನ್ನೂ ಇಳೀತೀಯಾ?"

"ಇಳೀಬಹುದು. ಏರಬಹುದು. ಊಟ ಬಿಡಲ್ಲ, ಆ ಮಾತು ಕೊಡ್ತೀನಿ. ಬೇರೆ ಏನೂ ಕೊಡಲ್ಲ."

"ನನಗೆ ಭಯ ಆಗುತ್ತೆ ಕಣೇ. ಪ್ರತಿ ಸಲ ಸಡಿಲ ಆದಾಗಲೂ ಆಗುತ್ತೆ."

"ಆಗ್ಲಿ. ನನಗೂ ಆಗುತ್ತೆ," ಎಂದೆ. "ಹೆದರಿಕೊಂಡೇ ಇರೋಣ, ಇಬ್ಬರೂ. ಆದ್ರೆ ಇನ್ನೊಂದ್ಸಲ ನನ್ನ ಪ್ಯಾಂಟು ಮುಟ್ಟಿದ್ರೆ ನೋಡಿ."